ಎಂಟರ್ ಒತ್ತೋ ಮುಂಚೆ ಒಂದ್ಸಲ ಓದಿಸಿ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ರಾತ್ರಿ ಹತ್ತೂವರೆ ಆಯ್ತು, ಇನ್ನೂ ಇಳಿದಿಲ್ಲ. ಬರೆದೇ ಬಿಡ್ತೀನಿ.

ಅಕ್ಕನ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಸದ್ಯಕ್ಕೆ ಮನೆಯಿಂದಲೇ ಕೆಲಸ. ಮೊನ್ನೆ ಕೊರಿಯರ್‌ನಲ್ಲಿ ಆಪಲ್ ಕಂಪನಿಯ ಹೊಸ ಮ್ಯಾಕ್ ಕಂಪ್ಯೂಟರ್ ಬಂತು. ಇವತ್ತು ಸಂಜೆ ಇಲ್ಲೇ ದಾವಣಗೆರೆಯ ವಿದ್ಯಾನಗರಕ್ಕೆ ಅವರ ಮನೆಗೆ ಹೋದರೆ ಹುಡುಗಿ ಕಣ್ಣೆಲ್ಲ ಕೆಂಪು. "ಮಾಮ, ನನಗೆ ಇದು ಆಗಲ್ಲ. ಕಾಲೇಜಲ್ಲಿ ಓದಿದ್ದೆಲ್ಲ ಸುಳ್ಳು ಅನ್ನಿಸ್ತಿದೆ" ಅಂದಳು. ಅಕ್ಕ ಮಂಡಕ್ಕಿ ಕಲಸಿಟ್ಟಿದ್ದಳು, ಯಾರೂ ಮುಟ್ಟಿರಲಿಲ್ಲ.

ಆಗಿದ್ದಿಷ್ಟು. ಟೀಮಿನ ಸೀನಿಯರ್ ಒಬ್ಬ ವಾಟ್ಸಾಪ್‌ನಲ್ಲಿ 23 ಸಾಲು ಕಳಿಸಿದ್ದಾನೆ. "ಟರ್ಮಿನಲ್ ತೆಗಿ, ಒಂದೊಂದೇ ಪೇಸ್ಟ್ ಮಾಡ್ತಾ ಹೋಗು." ಅಷ್ಟೇ. ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ಕಮಾಂಡ್‌ಗಳನ್ನ ಟೈಪ್ ಮಾಡಿ ಕೊಡೋ ಕಿಟಕಿ. ಯಾವ ಸಾಲು ಏನು ಮಾಡುತ್ತೆ, ಯಾಕೆ ಬೇಕು, ಒಂದು ಮಾತಿಲ್ಲ. ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದ್ದು ಪರದೆಯಲ್ಲಿ ಕಾಣೋದಿಲ್ಲ, ಚುಕ್ಕಿ ಸಹ ಬರಲ್ಲ ಅಂತ ಅವಳಿಗೆ ಹೇಳಿರಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಅರ್ಧ ಗಂಟೆ ಒದ್ದಾಡಿದ್ದಾಳೆ. ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಹತ್ತು ಸೆಕೆಂಡು.

ಹೋಮ್‌ಬ್ರೂ ಇನ್‌ಸ್ಟಾಲ್ ಆಯ್ತು. ಮ್ಯಾಕ್‌ನಲ್ಲಿ ಬೇಕಾದ, ಯೂನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಕಡೆಯ ಟೂಲ್‌ಗಳನ್ನೆಲ್ಲ ತಂದು ಕೂರಿಸೋದು ಅದೇ. 2009ರಿಂದ ಇದೆ. ಆದರೆ ಮುಂದಿನ ಸಾಲಿಗೆ "ಬ್ರೂ, ಕಮಾಂಡ್ ನಾಟ್ ಫೌಂಡ್" ಅಂತ ಬಂತು, ಅಂದರೆ ಹೋಮ್‌ಬ್ರೂವಿನ ಬ್ರೂ ಅನ್ನೋ ಕಮಾಂಡೇ ಸಿಗ್ತಿಲ್ಲ ಅಂತ. ಸೀನಿಯರ್‌ಗೆ ಕೇಳಿದರೆ "ಮುಂದೆ ಸುಡೊ ಹಾಕು" ಅಂದ. ಹಾಕಿದಳು, ಅದೇ ಉತ್ತರ. "ಹಾಗಾದ್ರೆ ಎಲ್ಲ ಅಳಿಸಿ ಮೊದಲಿಂದ ಮಾಡು" ಅಂದ. ನನಗೆ ನೆತ್ತಿಗೇರಿದ್ದು ಇಲ್ಲಿ. ಸುಡೊ ಅಂದರೆ ಇಡೀ ಮಷೀನಿನ ಯಜಮಾನಿಕೆ ಕೈಗೆ ತಗೊಂಡು ಕೆಲಸ ಮಾಡೋದು. ಹೋಮ್‌ಬ್ರೂವನ್ನ ಹಾಗೆ ಓಡಿಸೋದು ಅಪಾಯ ಅಂತ ಅದೇ ಎಚ್ಚರಿಸಿ ನಿಂತುಬಿಡುತ್ತೆ. ಹೊಸಬಳಿಗೆ ಅದನ್ನು ದಾರಿ ಅಂತ ತೋರಿಸ್ತಾರಾ?

ಪಕ್ಕದಲ್ಲಿ ಕೂತೆ. "ಕೆಳಗಿಂದ ಮೇಲಕ್ಕೆ ಹೋಗಮ್ಮ, ಅದು ಏನಾದರೂ ಹೇಳಿದೆಯಾ ನೋಡು" ಅಂದೆ. ಹೋದಳು. ಇನ್‌ಸ್ಟಾಲ್ ಮುಗಿದ ಜಾಗದಲ್ಲೇ "ನೆಕ್ಸ್ಟ್ ಸ್ಟೆಪ್ಸ್" ಅಂತ ಬರೆದು, ಯಾವ ಫೈಲಿಗೆ ಏನು ಸೇರಿಸಬೇಕು ಅಂತ ಅದೇ ಹೇಳಿತ್ತು! ಮುಂದಿನ ಸಾಲು ಪೇಸ್ಟ್ ಮಾಡೋ ಅವಸರದಲ್ಲಿ ಅದು ಮೇಲೆ ಸರಿದುಹೋಗಿತ್ತು.

ಸೀನಿಯರ್ ಕಳಿಸಿದ್ದು ಹಳೇ ಪಟ್ಟಿ. ಅವನೂ ಯಾರಿಂದಲೋ ತಗೊಂಡಿರಬೇಕು. 2019ರಿಂದ ಹೊಸ ಮ್ಯಾಕ್‌ಗಳಲ್ಲಿ ಟರ್ಮಿನಲ್ ತೆಗೆದರೆ ಬರೋದು ಬ್ಯಾಷ್ ಅಲ್ಲ, ಝಡ್‌ಶೆಲ್. ಎರಡೂ ಶೆಲ್‌ಗಳೇ, ಅಂದರೆ ನಾವು ಕೊಟ್ಟ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂಗಳು. ಝಡ್‌ಶೆಲ್ ಬ್ಯಾಷ್‌ನ ಪ್ರೊಫೈಲ್ ಅನ್ನೋ ಸೆಟ್ಟಿಂಗ್ ಫೈಲನ್ನ ಓದೋದೇ ಇಲ್ಲ. ಅವನ ಪಟ್ಟಿ ಬರೆಸಿದ್ದು ಆ ಫೈಲಿಗೆ. ಇನ್ನೊಂದು, ಇಂಟೆಲ್ ಚಿಪ್ ಇದ್ದಾಗ ಹೋಮ್‌ಬ್ರೂ ಕೂರುತ್ತಿದ್ದುದು ಯೂಸರ್-ಲೋಕಲ್ ಫೋಲ್ಡರಿನಲ್ಲಿ. 2020ರ ಕೊನೆಗೆ ಎಂ1 ಚಿಪ್ ಬಂತು. ಎಂ1 ಮತ್ತು ಅದರಿಂದೀಚಿನ ಆಪಲ್ ಚಿಪ್ ಇರೋ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ಕೂರೋದು ಆಪ್ಟ್ ಫೋಲ್ಡರಿನೊಳಗೆ. ಶೆಲ್ ಹತ್ತಿರ ಪಾತ್ ಅಂತ ಒಂದು ಪಟ್ಟಿ ಇರುತ್ತೆ. ಕಮಾಂಡ್ ಕೊಟ್ಟರೆ ಆ ಪಟ್ಟಿಯ ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತೆ. "ಅಂಗಡಿ ಪಿ.ಜೆ. ಬಡಾವಣೆಗೆ ಹೋಗಿದೆ. ನೀನು ಹುಡುಗನನ್ನ ಮಂಡಿಪೇಟೆ, ಚೌಕಿಪೇಟೆ ಸುತ್ತಿಸ್ತಿದ್ದೀಯ" ಅಂದೆ. ಅಷ್ಟಕ್ಕೇ ಅರ್ಥವಾಯ್ತು. ಸರಿಯಾದ ಫೈಲಿಗೆ ಅವಳೇ ಸಾಲು ಸೇರಿಸಿದಳು. ಬ್ರೂ ಡಾಕ್ಟರ್ ಅಂತ ಹೊಡೆದಳು, ಎಲ್ಲ ಸರಿಯಿದೆ ಅಂತ ಬಂತು. ಅವಳ ಮುಖ ಅರಳಿದ್ದನ್ನ ಅಕ್ಕನೂ ನೋಡಿದಳು.

ಹದಿನೇಳನೇ ಸಾಲಿಗೆ ಮತ್ತೆ ಎರರ್. ಅಲ್ಲಿ ಸೆಡ್ ಅನ್ನೋ ಟೂಲ್ ಬಳಸಿ ಫೈಲಿನ ಒಂದು ಪದ ಬದಲಾಯಿಸಬೇಕಿತ್ತು. ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸಲೀಸಾಗಿ ಓಡೋ ಸಾಲು. ಮ್ಯಾಕ್‌ನದು ಬಿಎಸ್‌ಡಿ ಅನ್ನೋ ಯೂನಿಕ್ಸ್ ಕವಲಿನ ಕಡೆಯ ಸೆಡ್. ಫೈಲನ್ನೇ ತಿದ್ದು ಅನ್ನೋ ಐ ಆಯ್ಕೆ ಕೊಟ್ಟಕೂಡಲೇ ಹಳೇ ಫೈಲನ್ನ ಹೆಸರಿಗೆ ಯಾವ ಬಾಲ ಹಚ್ಚಿ ಉಳಿಸಲಿ ಅಂತ ಅದು ಕಾಯುತ್ತೆ. ಉಳಿಸೋದು ಬೇಡ ಅಂದರೆ ಖಾಲಿ ಕೊಟೇಶನ್ ಗುರುತು ಕೊಡಬೇಕು. ಇಲ್ಲದಿದ್ದರೆ ಮುಂದಿನ ಮಾತನ್ನೇ ಬಾಲ ಅಂತ ತಿಳಿಯುತ್ತೆ. ಒಂದೇ ಹೆಸರು, ಎರಡು ಮನೆತನ. ಇದನ್ನ ಹೇಳಬೇಕಲ್ವಾ?

"ಕೆಲಸ ಆದರೆ ಸಾಕು, ಎಲ್ಲರೂ ಎಲ್ಲ ತಿಳ್ಕೊಳೋಕೆ ಆಗುತ್ತಾ" ಅಂತ ಕೆಲವರು ಕೇಳ್ತೀರಿ. ಸೀನಿಯರ್‌ಗೂ ಕೆಲಸದ ಒತ್ತಡ ಇರುತ್ತೆ, ಒಪ್ಪಿದೆ. ಆದರೆ ಕೆಲಸ ಆಗಲಿಲ್ಲವಲ್ಲ! ಇಡೀ ದಿನ ಹೋಯ್ತು. ಜೊತೆಗೆ ಹುಡುಗಿಯ ಧೈರ್ಯವೂ ಹೋಯ್ತು. ಪಾಸ್‌ವರ್ಡ್ ಅವಳದು, ಮಷೀನಿನ ಜವಾಬ್ದಾರಿ ಅವಳದು. ಏನು ಮಾಡ್ತಿದ್ದೀನಿ ಅಂತ ತಿಳಿಯೋ ಹಕ್ಕು ಮಾತ್ರ ಅವಳದಲ್ವಾ?

ಇನ್ನೊಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರಾಗಿ ಇದ್ದಷ್ಟು ವರ್ಷ ನಾನೂ ಹೀಗೇ ಕಲಿಸಿದ್ದೇನೆ. ಬೋರ್ಡಿನ ಮೇಲೆ ಕಮಾಂಡ್ ಬರೆದು "ಹೊಡೀರಿ" ಅಂತಿದ್ದೆ. ಹರಪನಹಳ್ಳಿ ಕಡೆಯ ಹುಡುಗನೊಬ್ಬ ಒಂದಿನ ಎದ್ದು ನಿಂತು "ಸರ್, ನಡುವೆ ಇರೋ ಉದ್ದ ಗೆರೆ ಏನು?" ಅಂತ ಕೇಳಿದ. "ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದೆ. ಅವನು ಕೂತ. ಆ ವರ್ಷ ಮತ್ತೆ ಏನೂ ಕೇಳಲಿಲ್ಲ. ಅವನು ಕೇಳಿದ್ದು ಪೈಪ್ ಬಗ್ಗೆ, ಒಂದು ಕಮಾಂಡ್ ಕೊಟ್ಟದ್ದನ್ನ ಮುಂದಿನ ಕಮಾಂಡಿಗೆ ದಾಟಿಸೋ ಗುರುತು ಅದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಶುರುವಾದ ಯೂನಿಕ್ಸ್‌ಗೆ 1973ರಲ್ಲಿ ಸೇರಿದ ಪೈಪ್. ನಮ್ಮೂರ ಮಂಡಕ್ಕಿ ಭಟ್ಟಿ ತೋರಿಸಿದ್ದರೂ ಸಾಕಿತ್ತು. ಒಬ್ಬ ಭತ್ತ ನೆನೆಸ್ತಾನೆ, ಒಬ್ಬ ಒಣಗಿಸ್ತಾನೆ, ಇನ್ನೊಬ್ಬ ಬಿಸಿ ಮರಳಲ್ಲಿ ಹುರಿದು ಅರಳಿಸ್ತಾನೆ. ಒಬ್ಬರ ಕೈಯಿಂದ ಬಂದದ್ದು ಇನ್ನೊಬ್ಬರ ಕೈಗೆ. ಎರಡು ನಿಮಿಷದ ಮಾತು. ಅದನ್ನ ನಾನು ಅವನಿಗೆ ಕೊಡಲಿಲ್ಲ.

ಅದಕ್ಕೇ ಇವತ್ತು ಎದ್ದು ಬರೋ ಮುಂಚೆ ಅವಳಿಗೆ ಪೈಪ್ ತೋರಿಸಿದೆ. ಕೊಟ್ಟ ಪದವನ್ನ ಹೊರಹಾಕೋ ಪ್ರಿಂಟ್‌ಎಫ್ ಕಮಾಂಡಿಗೆ ದಾವಣಗೆರೆ ಅಂತ ಕನ್ನಡದಲ್ಲೇ ಕೊಟ್ಟು, ಪೈಪ್ ಹಾಕಿ, ಎಣಿಸೋಕೆ ಡಬ್ಲ್ಯುಸಿ ಅನ್ನೋ ಕಮಾಂಡಿಗೆ ಒಪ್ಪಿಸಿದಳು. ಬೈಟ್, ಅಂದರೆ ಕಂಪ್ಯೂಟರಿನಲ್ಲಿ ಜಾಗದ ಅಳತೆ, ಎಣಿಸಿದರೆ 24, ಅಕ್ಷರ ಎಣಿಸಿದರೆ 8. "ಐದೇ ಅಕ್ಷರ ಇದೆಯಲ್ಲ ಮಾಮ?" ಅಂದಳು. ಪ್ರತಿ ಅಕ್ಷರಕ್ಕೂ ನಂಬರ್ ಕೊಡೋ ಯೂನಿಕೋಡ್‌ನಲ್ಲಿ ದೀರ್ಘ, ಎತ್ವ ಎಲ್ಲ ಬೇರೆ ಬೇರೆ ಲೆಕ್ಕ, ಕನ್ನಡದ ಒಂದೊಂದಕ್ಕೂ ಮೂರು ಬೈಟ್ ಅಂದೆ.

"ತಡಿ, ಚಿತ್ರದುರ್ಗ ನಾನೇ ಹೇಳ್ತೀನಿ" ಅಂತ ಪೇಪರ್ ತಗೊಂಡಳು. ಗುಡಿಸು, ಕೊಂಬು ಬಿಡಿಸಿ ಬರೆದಳು. ತ್ರ, ರ್ಗ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎರಡು ಕಡೆಯೂ ಒಂದೊಂದು ಅರ್ಧಾಕ್ಷರದ ಗುರುತು ಸೇರಿಸಿದಳು. "ಹತ್ತು. ಬೈಟ್ ಆದರೆ ಮೂವತ್ತು" ಅಂದಳು. ಅಂದ ಮೇಲೆ ಎಂಟರ್ ಒತ್ತಿದಳು.

30 ಬಂತು. ಅಕ್ಕ ಒಳಗಿಂದ ಬಿಸಿ ಮಿರ್ಚಿ ತಂದಿಟ್ಟಳು.