ನಿದ್ದೆಗೆಟ್ಟವನನ್ನು ಪ್ರೆಸ್ ಮೆಷಿನ್ ಮುಂದೆ ನಿಲ್ಲಿಸಿ, ಬೆರಳು ಹೋದರೆ ಅವನದೇ ತಪ್ಪಂತೆ

ಪ್ರತಿ ವರ್ಷ ಮಾರ್ಚ್ 4ಕ್ಕೆ ನಮ್ಮನ್ನು ಶೆಡ್ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ರಾಷ್ಟ್ರೀಯ ಸುರಕ್ಷತಾ ದಿನ. ಎದೆಗೆ ಬ್ಯಾಡ್ಜ್ ಚುಚ್ಚಿ, ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಈ ವರ್ಷ ಹಾಗೆ ಕೈ ಚಾಚಿ ನಿಂತಿದ್ದ ಒಬ್ಬ ಹುಡುಗನಿಗೆ ಈಗ ಆ ಕೈಯಲ್ಲಿ ಎರಡು ಬೆರಳಿಲ್ಲ. ಅವನಿಂದ ಒಂದು ಕಾಗದ ಬರೆಸಿಕೊಂಡಿದ್ದಾರೆ. ‘ನನ್ನ ಅಜಾಗರೂಕತೆಯಿಂದ ಗಾಯವಾಗಿದೆ, ಇದಕ್ಕೆ ಕಂಪನಿ ಹೊಣೆಯಲ್ಲ’ ಅಂತ. ಬಲಗೈಗೆ ಬ್ಯಾಂಡೇಜ್ ಇತ್ತು. ಎಡಗೈಯಲ್ಲೇ ಸಹಿ ಹಾಕಿದ. ಅವತ್ತಿನಿಂದ ನನಗೆ ಹೊಟ್ಟೆ ಉರಿಯುತ್ತಲೇ ಇದೆ.

ನಾನು ಪೀಣ್ಯ ಕಡೆ ವಾಹನದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಇದ್ದೇನೆ. ಪ್ರೆಸ್ ಶಾಪ್. ತಗಡು ಇಡಬೇಕು, ಬಟನ್ ಒತ್ತಬೇಕು, ಡೈ ಅನ್ನುವ ಉಕ್ಕಿನ ಅಚ್ಚು ಕೆಳಗೆ ಬಂದು ಹೊಡೆಯುತ್ತೆ, ಪೀಸ್ ತೆಗೆಯಬೇಕು. ಮತ್ತೆ ಇಡಬೇಕು. ಶಿಫ್ಟ್ ಪೂರ್ತಿ ಇದೇ. ಶಿಫ್ಟ್ ಅಂದರೆ 12 ಗಂಟೆ. ಎಂಟರಿಂದ ಎಂಟು. ಒಂದು ವಾರ ಹಗಲು, ಒಂದು ವಾರ ರಾತ್ರಿ.

ಆ ಹುಡುಗ ರಾತ್ರಿ ಎಂಟಕ್ಕೆ ಕೆಲಸಕ್ಕೆ ಬಂದಿದ್ದ. ಬೆಳಿಗ್ಗೆ ಅವನ ಜಾಗಕ್ಕೆ ಬರಬೇಕಾದವನು ಬರಲಿಲ್ಲ. ‘ಡಿಸ್ಪ್ಯಾಚ್ ಇದೆ, ಮಧ್ಯಾಹ್ನದವರೆಗೆ ಎಳೆದುಬಿಡು’ ಅಂದರು ಸೂಪರ್‌ವೈಸರ್. ಎಳೆದ. ಬೆಳಿಗ್ಗೆ ಹತ್ತೂವರೆಗೆ ಡೈ ಕೆಳಗೆ ಕೈ ಹೋಯಿತು. ಹಿಂದಿನ ದಿನ ಮಧ್ಯಾಹ್ನ ಎದ್ದವನು ಅವನು. ಅಲ್ಲಿಂದ ಲೆಕ್ಕ ಹಾಕಿ, ಎಷ್ಟು ಹೊತ್ತು ಎಚ್ಚರ ಇದ್ದ ಅಂತ.

17 ಗಂಟೆ ನಿದ್ದೆ ಇಲ್ಲದೆ ಇದ್ದರೆ ಮನುಷ್ಯನ ಕೈ, ಕಣ್ಣು, ತಲೆ ಎಷ್ಟು ನಿಧಾನ ಆಗುತ್ತವೆ ಗೊತ್ತಾ? ರಕ್ತದಲ್ಲಿ ಶೇ. 0.05 ಮದ್ಯ ಇರುವವನಷ್ಟು. ಇದನ್ನು ವಿಜ್ಞಾನಿಗಳು ಅಳೆದು ನೋಡಿ 25 ವರ್ಷದ ಮೇಲಾಯಿತು. ನಮ್ಮ ದೇಶದಲ್ಲಿ ಶೇ. 0.03 ದಾಟಿದರೆ ಗಾಡಿ ಓಡಿಸುವ ಹಾಗಿಲ್ಲ, ಪೊಲೀಸರು ಕೇಸ್ ಹಾಕುತ್ತಾರೆ. ಕುಡಿದು ಬಂದವನನ್ನು ನಮ್ಮ ಗೇಟಲ್ಲೂ ಒಳಗೆ ಬಿಡಲ್ಲ, ಬಾಯಿ ಊದಿಸುತ್ತಾರೆ. ಬಿಡಬಾರದು, ಸರಿ. ಆದರೆ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಇರುವವನನ್ನು ಹೊರಗೆ ಹೋಗಲೂ ಬಿಡದೆ ಮೆಷಿನ್ ಮುಂದೆ ನಿಲ್ಲಿಸಿದ್ದು ಯಾರು? ಆ ಕಾಗದದಲ್ಲಿ ಅಜಾಗರೂಕತೆ ಅಂತ ಬರೆದಿದ್ದು ಯಾರದ್ದು?

ಇನ್ನೊಂದು ವಿಷಯ, ಪ್ರೆಸ್‌ನಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಈ ಮೆಷಿನ್‌ಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಡೈ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಕೆಳಗೆ ಕೈ ಇರಲು ಸಾಧ್ಯವೇ ಇಲ್ಲ. ಅಷ್ಟು ಸರಳ. ಆದರೆ ಟಾರ್ಗೆಟ್ ಇದೆ ಅಲ್ವಾ? ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿಟ್ಟರೆ ಒಂದು ಕೈ ಖಾಲಿ. ಪೀಸ್ ಬೇಗ ಬೇಗ ಬರುತ್ತೆ. ಕೈ ಅಡ್ಡ ಬಂದರೆ ನಿಲ್ಲಿಸಲು ಎದುರಿಗೆ ಸೆನ್ಸರ್ ಇರುವ ಮೆಷಿನ್‌ನಲ್ಲಿ ಅದನ್ನು ಬೈಪಾಸ್ ಮಾಡುತ್ತಾರೆ. ‘ಆಪರೇಟರ್‌ಗಳೇ ಮಾಡ್ಕೊಳ್ತಾರೆ’ ಅನ್ನುತ್ತಾರೆ ಆಮೇಲೆ. ಎರಡೂ ಬಟನ್ ಒತ್ತಿ ಕೆಲಸ ಮಾಡಿದರೆ ಮುಟ್ಟಲಾಗದ ಟಾರ್ಗೆಟ್ಟನ್ನು ಬೋರ್ಡಿನ ಮೇಲೆ ಬರೆದವರು ನಾವಾ? ದಿನಕ್ಕೆ ಹತ್ತು ಸಲ ಆ ಟೇಪ್ ಮುಂದೆಯೇ ಓಡಾಡುತ್ತಾರೆ. ಯಾರ ಕಣ್ಣಿಗೂ ಬೀಳಲ್ಲ. ಆಡಿಟ್ ಬರುವ ದಿನ ಮಾತ್ರ ಬೆಳಿಗ್ಗೆಯೇ ಕಿತ್ತಿರುತ್ತಾರೆ.

‘ಅವನು ಆಗಲ್ಲ ಅನ್ನಬಹುದಿತ್ತಲ್ಲ’ ಅಂತ ಕೇಳುತ್ತೀರಿ. ನಮ್ಮಲ್ಲಿ ಪರ್ಮನೆಂಟ್ ಇರುವವರು ಆಗಲ್ಲ ಅನ್ನುತ್ತಾರೆ, ಅವರಿಗೆ ಯೂನಿಯನ್ ಇದೆ. ನಾವು ಕಾಂಟ್ರಾಕ್ಟ್. ಒಮ್ಮೆ ಆಗಲ್ಲ ಅಂದರೆ ನಾಳೆ ಬೆಳಿಗ್ಗೆ ಪಂಚಿಂಗ್ ಮೆಷಿನ್ ನಮ್ಮ ಕಾರ್ಡ್ ತಗೊಳ್ಳಲ್ಲ. ಕೆಲಸದಿಂದ ತೆಗೆದಿದ್ದೇವೆ ಅಂತ ಯಾರೂ ಹೇಳಲ್ಲ, ನೋಟಿಸ್ ಇಲ್ಲ, ಏನೂ ಇಲ್ಲ. ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದರೆ ‘ಸ್ವಲ್ಪ ದಿನ ಇರು, ನೋಡೋಣ’. ಆ ಸ್ವಲ್ಪ ದಿನದಲ್ಲಿ ರೂಮ್ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ಚೀಟಿ ಕಂತು ಎಲ್ಲಾ ಬಾಯಿ ತೆರೆದು ನಿಲ್ಲುತ್ತವೆ. ನನ್ನ ಕಾರ್ಡ್ ಮೇಲೆ ಕಾಂಟ್ರಾಕ್ಟರ್ ಹೆಸರು ಬದಲಾಗುತ್ತಲೇ ಇದೆ, ಮೆಷಿನ್ ಬದಲಾಗಿಲ್ಲ. ಹೆಸರು ಬದಲಾದಾಗೆಲ್ಲ ನಾನು ಕೆಲಸಕ್ಕೆ ಹೊಸಬ. ಯಾವ ಕಾಗದದಲ್ಲೂ ನಾನು ಇಲ್ಲಿ ಇಷ್ಟು ವರ್ಷ ದುಡಿದಿದ್ದೇನೆ ಅಂತ ಇಲ್ಲ.

ನಮ್ಮ ರಾಜ್ಯ ಸರ್ಕಾರ 2023ರ ಫೆಬ್ರುವರಿಯಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದಿತು. ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ವಾರಕ್ಕೆ ಮಾತ್ರ 48 ಗಂಟೆಯೇ ಅಂತ. ಮೂರು ತಿಂಗಳಲ್ಲಿ ಮಾಡಿಸಬಹುದಾದ ಓಟಿಯನ್ನು, ಅಂದರೆ ಹೆಚ್ಚುವರಿ ದುಡಿಮೆಯನ್ನು, 75 ಗಂಟೆಯಿಂದ 145ಕ್ಕೆ ಏರಿಸಿದರು. ನಾಲ್ಕು ದಿನ 12 ಗಂಟೆ ಮಾಡಿ, ಮೂರು ದಿನ ಆರಾಮಾಗಿರಿ ಅಂತ ಮಾತು ಬೇರೆ. ನಮ್ಮ ಶಾಪ್‌ನಲ್ಲಿ ಆ ಮೂರು ದಿನ ರಜೆ ಪಡೆದವನನ್ನು ನಾನು ಇನ್ನೂ ನೋಡಿಲ್ಲ. ವಾರಕ್ಕೆ ಆರು ದಿನ, 12 ಗಂಟೆ. ಒಟ್ಟು 72. ಅಂದರೆ ವಾರಕ್ಕೆ 24 ಗಂಟೆ ಓಟಿ. ಮೂರು ತಿಂಗಳಿಗೆ 312. ಏರಿಸಿದ ಮಿತಿಗೂ ಎರಡು ಪಟ್ಟು ಜಾಸ್ತಿ!

ಆ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಕಾರ್ಮಿಕ ಲಿಖಿತವಾಗಿ ಒಪ್ಪಿದರೆ ಮಾತ್ರ 12 ಗಂಟೆ. ಒಪ್ಪಿಗೆ ಕೊಟ್ಟಿದ್ದೇವೆ, ಸುಳ್ಳಲ್ಲ. ಸೇರುವ ದಿನ ಕಾಂಟ್ರಾಕ್ಟರ್ ಆಫೀಸಿನಲ್ಲಿ ಒಂದು ಕಟ್ಟು ಕಾಗದ ಮುಂದಿಟ್ಟು ‘ಇಲ್ಲಿ, ಇಲ್ಲಿ, ಇಲ್ಲಿ’ ಅಂತ ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದ್ದೇವೆ. ಅದರಲ್ಲೇ ಎಲ್ಲೋ ಇರಬೇಕು. ಓದುತ್ತೇನೆ ಅಂದವನಿಗೆ ಅಲ್ಲೇ ಬಾಗಿಲು ತೋರಿಸುತ್ತಾರೆ. ನಾಳೆ ಕೆಲಸ ಇರುತ್ತೋ ಇಲ್ಲವೋ ಅಂತ ಗೊತ್ತಿಲ್ಲದವನು ಕೊಡುವುದಕ್ಕೆ ಒಪ್ಪಿಗೆ ಅಂತ ಹೇಗೆ ಕರೆಯುತ್ತೀರಿ? ವಿಧಾನಸೌಧದಲ್ಲಿ ಕೂತು ಈ ಸಾಲು ಬರೆದವರಿಗೆ ಒಬ್ಬ ಕಾಂಟ್ರಾಕ್ಟ್ ಕೂಲಿಯವನ ಮುಖವೂ ನೆನಪಾಗಲಿಲ್ಲವಾ?

‘ಮೂರು ಶಿಫ್ಟ್ ಮಾಡಿದರೆ ಖರ್ಚು ಜಾಸ್ತಿ’ ಅನ್ನುತ್ತಾರೆ. ಬನ್ನಿ, ಲೆಕ್ಕ ಹಾಕೋಣ. ಒಂದು ಮೆಷಿನ್, ವಾರಕ್ಕೆ ಆರು ದಿನ, ಹಗಲು ರಾತ್ರಿ. 144 ಗಂಟೆ. ಮೂರು ಜನ ತಲಾ 48 ಗಂಟೆ ಮಾಡಿದರೆ 144 ಗಂಟೆ ಕೂಲಿ. ಇಬ್ಬರೇ ಮಾಡಿದರೆ ತಲಾ 72 ಗಂಟೆ. ಅದರಲ್ಲಿ 48 ಮಾಮೂಲಿ, 24 ಓಟಿ. ಓಟಿಗೆ ಡಬಲ್ ಕೊಡಬೇಕು ಅನ್ನುವುದು 1948ರಿಂದ ಇರುವ ನಿಯಮ. ಹಾಗಾಗಿ ಒಬ್ಬನಿಗೆ 96 ಗಂಟೆ ಕೂಲಿ, ಇಬ್ಬರಿಗೆ 192. ಮೂರು ಜನರಿಗಿಂತ 48 ಗಂಟೆ ಜಾಸ್ತಿ, ಅಂದರೆ ಒಬ್ಬ ಮನುಷ್ಯನ ಇಡೀ ವಾರದ ಕೂಲಿ. ಕಾನೂನಿನ ಪ್ರಕಾರ ಕೊಟ್ಟರೆ ಎರಡು ಶಿಫ್ಟೇ ದುಬಾರಿ ಕಣ್ರೀ. ಆದರೂ ಎರಡೇ ಶಿಫ್ಟ್ ಓಡಿಸುತ್ತಿದ್ದಾರೆ ಅಂದರೆ ಏನರ್ಥ? ಓಟಿ ದುಡ್ಡು ಕೊಡುತ್ತಿಲ್ಲ ಅಂತ. ನಮಗೆ ಬರುವುದು ‘ಹನ್ನೆರಡು ಗಂಟೆ ಸಂಬಳ’ ಅನ್ನುವ ಒಂದೇ ಮೊತ್ತ. ಪೇ ಸ್ಲಿಪ್‌ನಲ್ಲಿ ಓಟಿ ಅನ್ನುವ ಕಾಲಂ ಖಾಲಿ. ಆ ಹುಡುಗನ ನಿದ್ದೆಯನ್ನೂ ಕದ್ದರು, ಅದರ ಕೂಲಿಯನ್ನೂ ಕದ್ದರು.

ಬೆರಳು ಹೋದರೆ ಕಣ್ಣಿಗೆ ಕಾಣುತ್ತೆ. ಕಾಣದೆ ಹೋಗುವುದು ಇನ್ನೂ ಇದೆ. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ. 35 ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಹೇಳಿದ ಮಾತಿದು. ನಮ್ಮದು 72 ಅಂತ ಆಗಲೇ ಹೇಳಿದೆ. ನನಗಿನ್ನೂ ಮೂವತ್ತೈದಾಗಿಲ್ಲ, ಬಿಪಿ ಮಾತ್ರೆ ಶುರುವಾಗಿದೆ. ಗ್ಯಾಸ್ಟ್ರಿಕ್ ಅಂತೂ ಶಾಪ್‌ನಲ್ಲಿ ಯಾರಿಗಿಲ್ಲ ಕೇಳಿ. ನೈಟ್ ಶಿಫ್ಟ್ ಮುಗಿಸಿ ಬಂದು ಶೀಟ್ ರೂಫ್ ಕೆಳಗೆ ಏಪ್ರಿಲ್ ಬಿಸಿಲಲ್ಲಿ ಮಲಗಿ ನೋಡಿ. ನಮ್ಮ ಪಕ್ಕದ ರೂಮಿನಲ್ಲಿ ಹಗಲಿನವರು ಎದ್ದ ಚಾಪೆ ಮೇಲೆ ರಾತ್ರಿಯವರು ಮಲಗುತ್ತಾರೆ. ಹಾಸಿಗೆ ಬಿಸಿ ಆರುವುದೇ ಇಲ್ಲ. ಹಗಲಿಗೆ ದೇಹ ಹೊಂದಿಕೊಳ್ಳುವ ಹೊತ್ತಿಗೆ ರಾತ್ರಿ ಶಿಫ್ಟ್ ಬಂದಿರುತ್ತೆ.

ಈಗ ನನಗೆ ಅತಿ ಸಿಟ್ಟು ತರಿಸಿದ್ದಕ್ಕೆ ಬರುತ್ತೇನೆ. ಬೆರಳು ಹೋದ ಮೇಲೆ ಮಾಡಿದ್ದು. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಫ್ಯಾಕ್ಟರಿ ಅದನ್ನು ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರ್‌ಗೆ ವರದಿ ಮಾಡಬೇಕು. ಆ ವರದಿ ತಪ್ಪಿಸಲು ಮೂರನೇ ದಿನವೇ ಅವನನ್ನು ಕರೆಸಿದರು. ಕೈಗೆ ಬ್ಯಾಂಡೇಜ್, ಕುತ್ತಿಗೆಗೆ ಜೋಳಿಗೆ. ಸ್ಟೋರ್ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿದರು. ಪಂಚ್ ಆಯಿತು, ಹಾಜರಿ ಆಯಿತು. ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಂದಿದ್ದಾನೆ. ನೋವಿಗೆ ಅವನು ಹಲ್ಲು ಕಚ್ಚಿ ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ.

ಆಸ್ಪತ್ರೆಗೆ ಕರೆದುಕೊಂಡು ಹೋದ ಕಾಂಟ್ರಾಕ್ಟರ್ ಕಡೆಯವನು ‘ರೂಮಲ್ಲಿ ಬಾಗಿಲಿಗೆ ಸಿಕ್ಕಿಕೊಂಡಿತು ಅಂತ ಹೇಳು’ ಅಂದಿದ್ದಾನೆ. ಈ ಒಂದು ಸುಳ್ಳಿನಿಂದ ಏನಾಗುತ್ತೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಲಸದಲ್ಲಿ ಆದ ಗಾಯ ಅಂತ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐನಲ್ಲಿ ದಾಖಲಾದರೆ, ಸೇರಿದ ಮೊದಲ ದಿನವೇ ಆಗಿದ್ದರೂ ಸರಿ, ವಾಸಿಯಾಗುವವರೆಗೆ ಕೂಲಿಯ ಶೇ. 90 ಬರುತ್ತೆ. ಬೆರಳು ಹೋಗಿದ್ದರೆ ಶಾಶ್ವತ ಅಂಗನಷ್ಟ ಅಂತ ಜೀವನ ಪೂರ್ತಿ ಪರಿಹಾರಕ್ಕೆ ಹಕ್ಕಿದೆ. ಮನೆಯಲ್ಲಿ ಆಗಿದ್ದು ಅಂದುಬಿಟ್ಟರೆ ಅದು ಬರೀ ಕಾಯಿಲೆ ರಜೆ. ಶೇ. 70, ಅದೂ ವರ್ಷಕ್ಕೆ 91 ದಿನ ಮಾತ್ರ. ಅದಕ್ಕೂ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಹೊಸದಾಗಿ ಸೇರಿದವನಿಗೆ ಅದೂ ಇಲ್ಲ. ಇಪ್ಪತ್ತಮೂರು ವರ್ಷದ ಹುಡುಗನ ಇಡೀ ಬದುಕಿನ ಪರಿಹಾರವನ್ನು ಬಾಗಿಲ ಕಥೆ ಹೇಳಿಸಿ ಕಸಿದುಕೊಳ್ಳುವುದು ಎಂಥ ಜನ ಮಾಡುವ ಕೆಲಸ?

‘ಕಷ್ಟ ಆದರೆ ಬಿಟ್ಟು ಬೇರೆ ನೋಡ್ಕೊಳ್ಳಿ’ ಅನ್ನುವವರಿಗೆ ಒಂದೇ ಮಾತು. ಪಕ್ಕದ ರಸ್ತೆಯ ಫ್ಯಾಕ್ಟರಿಯಲ್ಲೂ ಇದೇ ಎಂಟರಿಂದ ಎಂಟು, ಅದೇ ಕಾಂಟ್ರಾಕ್ಟರ್. ಎಲ್ಲಿಗೆ ಹೋಗಲಿ? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು, ಓಟಿಗೆ ಡಬಲ್ ಕೊಡಲೇಬೇಕು ಅಂತ ಅದರಲ್ಲೂ ಇದೆ. ನಮ್ಮ ಕೈಗೆ ಇನ್ನೂ ಯಾವ ಪತ್ರವೂ ಬಂದಿಲ್ಲ.

ಈ ಥರ ಕೆಲಸ ಮಾಡುವವರು, ಇವರ ಅಣ್ಣತಮ್ಮಂದಿರು, ಹೆಂಡತಿಯರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಗಾಯವಾದರೆ ಒಬ್ಬನನ್ನೇ ಕಾಂಟ್ರಾಕ್ಟರ್ ಜೊತೆ ಆಸ್ಪತ್ರೆಗೆ ಕಳಿಸಬೇಡಿ, ನಮ್ಮವರೊಬ್ಬರು ಹೋಗಿ. ಹೇಗಾಯಿತು ಅಂತ ಡಾಕ್ಟರ್ ಕೇಳಿದಾಗ ಯಾವ ಮೆಷಿನ್, ಎಷ್ಟು ಗಂಟೆಗೆ ಅಂತ ಸರಿಯಾಗಿ ಹೇಳಿ, ಚೀಟಿಯಲ್ಲಿ ಬರೆಸಿ. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಶಿಫ್ಟ್ ಗಂಟೆಗಳನ್ನು ನಿಮ್ಮದೇ ಪುಸ್ತಕದಲ್ಲಿ ದಿನಾ ಬರೆದಿಡಿ.

ಆ ಹುಡುಗನ ಅಪಘಾತದ ವರದಿ ಇನ್ನೂ ಹೋಗಿಲ್ಲ. ನಾವು ಕೆಲವರು ಸೇರಿ ಅವನ ಪರ ಅರ್ಜಿ ಬರೆದಿದ್ದೇವೆ. ಕಣ್ಣಾರೆ ನೋಡಿದವರಲ್ಲೂ ಅರ್ಧ ಜನ ಸಹಿ ಹಾಕಲು ಹೆದರುತ್ತಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುತ್ತಿಲ್ಲ. ಅವರ ಕಾರ್ಡೂ ನಾಳೆ ಪಂಚ್ ಆಗಬೇಕು. ಆದರೂ ಈ ವಾರ ಮತ್ತೆ ಒಬ್ಬೊಬ್ಬರ ರೂಮಿಗೂ ಹೋಗಿ ಕೇಳುತ್ತೇನೆ.