ಸ್ಪಷ್ಟನೆ: ವಯಸ್ಸಾದವರೆಲ್ಲ ಸುಳ್ಳು ಸುದ್ದಿ ಹಂಚುತ್ತಾರಾ?

‘65 ದಾಟಿದವರು ಯುವಕರಿಗಿಂತ ಏಳು ಪಟ್ಟು ಜಾಸ್ತಿ ಸುಳ್ಳು ಸುದ್ದಿ ಹಂಚುತ್ತಾರೆ, ಏನು ಹೇಳಿದರೂ ನಂಬುತ್ತಾರೆ’ ಎಂಬ ಮಾತು ಓಡಾಡುತ್ತಿದೆ. ಏಳು ಪಟ್ಟಿನ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. 2016ರ ಅಮೆರಿಕ ಚುನಾವಣೆ ಹೊತ್ತಿನ ಫೇಸ್‌ಬುಕ್ ಬಳಕೆ ಕುರಿತು 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ್ದು. ಆದರೆ ಅದು ಹಂಚಿದ ಲಿಂಕ್‌ಗಳ ಸರಾಸರಿ, ಜನರ ಲೆಕ್ಕ ಅಲ್ಲ. 65 ದಾಟಿದವರಲ್ಲಿ ಇಂಥ ಒಂದಾದರೂ ಲಿಂಕ್ ಹಂಚಿದವರು ಸುಮಾರು ಶೇ 11. ಉಳಿದವರು ಒಂದನ್ನೂ ಹಂಚಿರಲಿಲ್ಲ. ಈ ಸಾಲು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ!

ಇನ್ನು ‘ನಂಬುತ್ತಾರೆ’ ಎಂಬುದು. ಆ ಅಧ್ಯಯನ ಅಳೆದದ್ದು ಹಂಚಿಕೆಯನ್ನು, ನಂಬಿಕೆಯನ್ನಲ್ಲ. ಸಿಟ್ಟಿಗೆ, ತಮಾಷೆಗೆ, ‘ಇದು ನಿಜಾನಾ?’ ಎಂದು ಕೇಳಲಿಕ್ಕೂ ಜನ ಹಂಚುತ್ತಾರೆ, ಅಲ್ವಾ? ಡಿಜಿಟಲ್ ಅನುಭವ ಕಡಿಮೆ ಇರುವುದು, ವಯಸ್ಸಿನ ಜೊತೆ ಬರುವ ಮರೆವು, ಇವೆರಡನ್ನೂ ಸಂಶೋಧಕರು ಕಾರಣ ಇರಬಹುದು ಎಂದಷ್ಟೇ ಹೇಳಿದ್ದರು.