ಗುಂಡಿ ಒತ್ತಿ ಆಡುವ ಕುಸ್ತಿ

ಬೆಳಗಾವಿಯವರಿಗೆ ಕುಸ್ತಿ ಅಂದರೆ ಎರಡು. ಒಂದು ಕೆಂಪು ಮಣ್ಣಿನದು. ಮುಂಜಾನೆ ತಾಲೀಮಿನಲ್ಲಿ ಬೆವರು ಸುರಿಸಿ ಕಲಿತು, ಆನಂದವಾಡಿ ಅಖಾಡದಲ್ಲಿ ಹಲಗೆ ಬಡಿತದ ನಡುವೆ ಆಡುವಂಥದ್ದು. ಇನ್ನೊಂದು ಟಿವಿಯದು, ಅಮೆರಿಕದ ಡಬ್ಲ್ಯುಡಬ್ಲ್ಯುಇ ಥರದ್ದು. ಎರಡನೆಯದನ್ನು ನೋಡಿ, ಮನೆಯ ಗಾದಿ ಮೇಲೆ ತಮ್ಮನನ್ನು ಎತ್ತಿ ಒಗೆದರೆ ಅವ್ವ ಲಟ್ಟಣಿಗೆ ಹಿಡಿದು ಬರುತ್ತಿದ್ದಳು. ವಿಡಿಯೊ ಗೇಮಿನಲ್ಲಿ ಆ ಭಯ ಇರಲಿಲ್ಲ. ಅಲ್ಲಿ ಯಾರನ್ನು ಎಷ್ಟು ಸಲ ಒಗೆದರೂ ಯಾರೂ ಅಳುವುದಿಲ್ಲ.

ಮೊದಲು ಕ್ಯಾಸೆಟ್ ತೂರಿಸುವ ಟಿವಿ ಗೇಮ್ ಇತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ಹಾಕಬೇಕು. ಆ ಕಾಲದ್ದು ನಿಂಟೆಂಡೊದ 'ಪ್ರೊ ರೆಸ್ಲಿಂಗ್', 1986ರಲ್ಲಿ ಜಪಾನಿನಲ್ಲಿ ಬಂದದ್ದು. ಚೌಕ ಚೌಕ ಮನುಷ್ಯರು. ಆದರೂ ಅದನ್ನು ಮಾಡಿದವರಿಗೆ ಕುಸ್ತಿಯ ಹುಚ್ಚು ಇತ್ತು ಅನ್ನುವುದು ನನ್ನ ಗುಮಾನಿ. ಇಲ್ಲದಿದ್ದರೆ ರಿಂಗಿನ ಹೊರಗೆ ಒಬ್ಬ ಕ್ಯಾಮೆರಾದವನನ್ನು ಸುಮ್ನೆ ಯಾಕೆ ಓಡಾಡಿಸುತ್ತಿದ್ದರು? ಅವನಿಂದ ಆಟಕ್ಕೆ ಮೂರು ಕಾಸಿನ ಉಪಯೋಗ ಇಲ್ಲ!

ಆಮೇಲೆ ಪ್ಲೇಸ್ಟೇಷನ್ ಬಂತು, ಅದರ ಮೇಲೆ 2000ದಲ್ಲಿ ಆ ಟಿವಿ ಕುಸ್ತಿಯದೇ ಗೇಮ್ 'ಸ್ಮ್ಯಾಕ್‌ಡೌನ್' ಬಂತು. ಜಪಾನಿನ ಯೂಕ್ಸ್ ಕಂಪನಿ ಮಾಡಿದ್ದು. ಭಾರೀ ಚುರುಕು. ಒಂದು ಗುಂಡಿ, ಒಂದು ದಿಕ್ಕು, ಮುಗೀತು, ಎದುರಿನವನು ನೆಲಕ್ಕೆ. ಅದೇ ವರ್ಷ ನಿಂಟೆಂಡೊ 64ರಲ್ಲಿ 'ನೋ ಮರ್ಸಿ' ಬಂದಿತ್ತು. ನಮ್ಮ ಕಡೆ ಆ ಡಬ್ಬಿ ನೋಡಿದವರೇ ಕಡಿಮೆ. ನಾನು ಅದನ್ನು ಆಡಿದ್ದು ಎಷ್ಟೋ ವರ್ಷದ ಮೇಲೆ, ಕಂಪ್ಯೂಟರಿನಲ್ಲಿ. ನೋಡೋಕೆ ಕೊಳಕು. ಮುಖ ಅಂದರೆ ಅಂಟಿಸಿದ ಫೋಟೊ, ಕೈಬೆರಳು ಎಲ್ಲ ಕೂಡಿ ಒಂದೇ ಮುದ್ದೆ. ಆದರೆ ಆ ಮುದ್ದೆ ಕೈಯಲ್ಲಿ ಎಂಥ ಹಿಡಿತ! ಗುಂಡಿಯನ್ನು ತಟ್ಟಿ ಬಿಟ್ಟರೆ ಹಗುರ ಹಿಡಿತ, ಒತ್ತಿ ಹಿಡಿದರೆ ಬಿಗಿ ಹಿಡಿತ. ಹಿಡಿದ ಕೂಡಲೇ ಒಗೆಯುವುದಿಲ್ಲ. ಇಬ್ಬರೂ ಒಂದು ಗಳಿಗೆ ತೋಳಿಗೆ ತೋಳು ಕೊಟ್ಟು ನಿಂತಿರುತ್ತಾರೆ. ಯಾವ ಪಟ್ಟು ಹಾಕಲಿ ಅಂತ ನೀವು ಯೋಚಿಸಬೇಕು. ಅಷ್ಟರಲ್ಲಿ ಅವನು ನಿಮ್ಮ ಪಟ್ಟನ್ನು ತಿರುಗಿಸಲಿಕ್ಕೆ ಕಾಯುತ್ತಿರುತ್ತಾನೆ. ನನ್ನ ಪ್ರಕಾರ ಆ ಒಂದು ಗಳಿಗೆಯೇ ಕುಸ್ತಿ. ಉಳಿದದ್ದೆಲ್ಲ ಜಾತ್ರೆಯ ಗದ್ದಲ.

ಈ ಮಾತು ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ, ಟಿಳಕವಾಡಿಯ ಒಂದು ಗೇಮ್ ಅಂಗಡಿಯಲ್ಲಿ. ಪ್ಲೇಸ್ಟೇಷನ್ 2 ಇಟ್ಟು ತಾಸಿನ ಲೆಕ್ಕದಲ್ಲಿ ಆಡಿಸುತ್ತಿದ್ದರು. ರಿಮೋಟಿನ ಕಡ್ಡಿಗೆ ಮೆತ್ತಿದ ರಬ್ಬರು ಕಿತ್ತುಹೋಗಿ ಬಿಳಿ ಪ್ಲಾಸ್ಟಿಕ್ ಹೆಬ್ಬೆರಳಿಗೆ ಚುಚ್ಚುತ್ತಿತ್ತು. 2003ರ 'ಹಿಯರ್ ಕಮ್ಸ್ ದಿ ಪೇನ್' ಅಲ್ಲಿನ ರಾಜ. ಅದರಲ್ಲಿ ಹಿಡಿತ ನಾಲ್ಕು ಬಗೆ, ಪ್ರತಿ ಹಿಡಿತದಿಂದ ಬೇರೆ ಬೇರೆ ಪಟ್ಟು. ಪರದೆಯ ಮೂಲೆಯಲ್ಲಿ ಮನುಷ್ಯನ ಆಕಾರದ ಒಂದು ಪುಟ್ಟ ಚಿತ್ರ. ಕಾಲಿಗೆ ಪೆಟ್ಟು ಬಿದ್ದರೆ ಆ ಚಿತ್ರದ ಕಾಲು ಹಳದಿಯಾಗಿ, ಕೆಂಪಾಗಿ ತಿರುಗುತ್ತಿತ್ತು. ಅಂಗಡಿಯವನ ಅಪ್ಪ ಹಳೇ ಪೈಲ್ವಾನ. ಕಿವಿ ಜಜ್ಜಿ ಗಂಟಾಗಿತ್ತು. ಗಲ್ಲೆಯ ಪಕ್ಕ ಕುರ್ಚಿ ಹಾಕಿಕೊಂಡು ನಮ್ಮ ಆಟ ನೋಡುತ್ತಿದ್ದರು. ಆ ಬಣ್ಣ ಬದಲಾಗುವ ಕಾಲು ಅವರಿಗೆ ಹಿಡಿಸಿತ್ತು. "ಮೊಣಕಾಲಿಗೇ ಹೊಡಿಲೇ, ಕೆಂಪಗಾಗೇತಿ!" ಅನ್ನುತ್ತಿದ್ದರು. ಆದರೆ ರೆಫರಿ ಮೂರು ಎಣಿಸುವುದು ಮಾತ್ರ ಅವರಿಗೆ ಆಗದು.

"ಬೆನ್ನು ನೆಲಕ್ಕ ಹತ್ತಿತಲ್ಲೋ ತಮ್ಮಾ, ಮತ್ತೇನ್ ಎಣಸ್ತಾನವ?"

"ಕಾಕಾ, ಮೂರು ಎಣಿಸೋದ್ರಾಗ ಎದ್ದರ ನಡೀತೈತ್ರಿ."

"ಚಿತ್ ಆದಾಂವ ಏಳೂದಂದ್ರೇನು? ಏಳ್ತಾನ, ಮನಿಗಿ ಹೋಗ್ತಾನ."

ಅದೇ ಆಟದಲ್ಲಿ ನಮಗೆ ಬೇಕಾದ ಪೈಲ್ವಾನನನ್ನು ನಾವೇ ಮಾಡಬಹುದಿತ್ತು. ಕಾಕಾ ಹೇಳಿದ ಹಾಗೆ ಒಬ್ಬ ಬೆಳಗಾವಿ ಪೈಲ್ವಾನನನ್ನು ಮಾಡಲು ಹೊರಟೆವು. ಕುತ್ತಿಗೆ ದಪ್ಪ ಮಾಡಿದೆವು, ಮೀಸೆ ಇಟ್ಟೆವು, ತಲೆ ಬೋಳಿಸಿದೆವು. ಲಂಗೋಟಿ ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಕೊನೆಗೆ ಕೆಂಪು ಚಡ್ಡಿ ತೊಡಿಸಿ 8 ಎಂಬಿ ಮೆಮೊರಿ ಕಾರ್ಡಿನಲ್ಲಿ ಉಳಿಸಿದೆವು. ಮೊದಲ ಕುಸ್ತಿಯಲ್ಲೇ ಅವನನ್ನು ಅಂಡರ್‌ಟೇಕರ್ ಎತ್ತಿ ಒಗೆದ. ಕಾಕಾ ಎದ್ದು ಚಹಾ ಕುಡಿಯಲು ಹೋದರು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ದಿ ಗ್ರೇಟ್ ಖಲಿ ಬಂದ. ನಮ್ಮವ ಅಂತ ಎಲ್ಲರೂ ಅವನನ್ನೇ ಆರಿಸಿದರು, ಅವನು ಒಂದು ಹೆಜ್ಜೆ ಇಡುವುದರೊಳಗೆ ಎದುರಿನವನು ನಾಲ್ಕು ಗುದ್ದುತ್ತಿದ್ದ. ಪ್ಲೇಸ್ಟೇಷನ್ 3ರಲ್ಲಿ ಮೈ ಮಿಂಚತೊಡಗಿತು. 2014ರಲ್ಲಿ ಅದೇ ಟಿವಿ ಕುಸ್ತಿಯ ಗೇಮ್ ಸರಣಿಯ '2ಕೆ15' ಬಂದಾಗ ನಿಜವಾದ ಪೈಲ್ವಾನರ ಮುಖವನ್ನೇ ಸ್ಕ್ಯಾನ್ ಮಾಡಿ ಇಟ್ಟರು. ಮೈ ಬೆವರು ಎಣಿಸಬಹುದು ಅನ್ನುವಷ್ಟು ಸ್ಪಷ್ಟ. ಮತ್ತೆ ಅದರಲ್ಲೇ ಹಿಡಿತವನ್ನೂ ವಾಪಸ್ ತಂದರು. ಕುಸ್ತಿಯ ಶುರುವಿನಲ್ಲಿ ಇಬ್ಬರೂ ಹಿಡಿದುಕೊಂಡು, ಕಲ್ಲು-ಕಾಗದ-ಕತ್ತರಿ ಥರ ಒಂದೊಂದು ಗುಂಡಿ ಆರಿಸಿ, ಆಮೇಲೆ ಕಡ್ಡಿ ತಿರುಗಿಸಿ ಸರಿಯಾದ ಜಾಗ ಹುಡುಕಬೇಕು. ಒಳ್ಳೆ ಮನಸ್ಸಿನಿಂದ ಮಾಡಿದ್ದೇ. ಆದರೆ ಎದುರಿನವನ ತೋಳು ಬಿಟ್ಟು ಪರದೆಯ ಮೇಲಿನ ಚಕ್ರ ನೋಡುತ್ತ ಕೂತರೆ ಅದು ಕುಸ್ತಿ ಹೇಗಾದೀತು? ಬೀಗ ತೆಗೆಯುವ ಕೆಲಸ ಆಗುತ್ತದೆ, ಅಷ್ಟೆ.

ಅಂದ ಹೆಚ್ಚಿದಷ್ಟೂ ಅವಾಂತರವೂ ಹೆಚ್ಚುತ್ತದೆ. 2019ರ '2ಕೆ20'ಯನ್ನು, ಅಲ್ಲಿವರೆಗೆ ಈ ಸರಣಿ ಮಾಡುತ್ತಿದ್ದ ಯೂಕ್ಸ್ ಇಲ್ಲದೆ ಮಾಡಿದರು. ಮುಖ ಸೊಟ್ಟಗಾಗುವುದು, ಕೂದಲು ತಾನೇ ಕುಣಿಯುವುದು, ಕಾಲು ರಿಂಗಿನೊಳಗೆ ಹೂತುಹೋಗುವುದು. ಇದೆಲ್ಲಕ್ಕಿಂತ ಮಜಾ ಎಂದರೆ 2020ರ ಜನವರಿ 1ಕ್ಕೆ ಆಟ ನಡೆಯುವುದೇ ನಿಂತಿತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ 2019 ಮಾಡಿದರೆ ಮಾತ್ರ ನಡೆಯುತ್ತಿತ್ತು. ಮಣ್ಣಿನ ಅಖಾಡಕ್ಕೆ ಪಂಚಾಂಗದ ಕಾಟ ಇಲ್ಲ ನೋಡಿ. ಕಂಪನಿ ಮುಂದಿನ ವರ್ಷ ಆ ಸರಣಿಗೆ ರಜೆ ಕೊಟ್ಟು, 2022ರಲ್ಲಿ '2ಕೆ22' ತಂದಿತು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಅದರ ಪೈಲ್ವಾನರು ಕಣಕ್ಕೆ ಬರುವ ಬೆಂಕಿ, ದೀಪ, ಹಾಡಿನ ಮೆರವಣಿಗೆಯಲ್ಲೇ ನನ್ನ ಚಹಾ ಆರಿ ಹೋಗುತ್ತದೆ.

ನನಗೊಂದು ಆಸೆ ಇದೆ. ಯಾರಾದರೂ ಮಣ್ಣಿನ ಕುಸ್ತಿಯ ಗೇಮ್ ಮಾಡಲಿ. ಎಣಿಕೆ ಬೇಡ, ಬೆನ್ನು ಹತ್ತಿದರೆ ಮುಗೀತು. ಮೈಗೆ ಮಣ್ಣು ಹಚ್ಚದಿದ್ದರೆ ಬೆವರಿಗೆ ಕೈ ಜಾರಬೇಕು. ಹಿಡಿದ ಗುಂಡಿಯನ್ನು ಬಿಟ್ಟರೆ ಎದುರಿನವನು ತಪ್ಪಿಸಿಕೊಳ್ಳಬೇಕು. ಇಬ್ಬರೂ ಬಗ್ಗದಿದ್ದರೆ ಪಂಚರು ಬಂದು ಕುಸ್ತಿ ಬಿಡಿಸಿ, ಇಬ್ಬರ ಕೈಯನ್ನೂ ಎತ್ತಿ ಬರಾಬರಿ ಅನ್ನಬೇಕು. ಇದನ್ನು ನನ್ನ ಅಕ್ಕನ ಮಗನ ಮುಂದೆ ಬಿಡಿಸಿ ಹೇಳಿದೆ.

"ಮಾಮಾ, ಅರ್ಧ ತಾಸು ಗುಂಡಿ ಒತ್ತಿ ಹಿಡಕೊಂಡ್ರ ಬೆರಳ ನೋಯಂಗಿಲ್ಲೇನು?" ಅಂದ.

"ನೋಯ್ಲಿ ಬಿಡೋ. ಎಣ್ಣಿ ಹಚ್ಚಿ ತಿಕ್ಕೊಂಡ್ರ ಆತು."